ಕುಂಬಳಕಾಯಿ ಕೋಣೆಯ ಚಂದ್ರಾಬಾಯಿ

ಚಂದ್ರಾಬಾಯಿ ಮಾತನಾಡುತ್ತ ಮಾತನಾಡುತ್ತ ಒಮ್ಮೆಲೇ ನಿಂತುಬಿಡುತ್ತಾರೆ. ವಾಕ್ಯ ಇನ್ನೂ ಅರ್ಧ ದಾರಿಯಲ್ಲಿರುವಾಗ, ಕೈಯಲ್ಲಿಯ ಚಹಾದ ಕಪ್ಪು ತುಟಿಗೂ ಕೆಳಗಿನ ಬಸಿಗೂ ನಡುವೆ ತೂಗುತ್ತಿರುವಾಗ, ತಲೆಯನ್ನು ಎಡಭುಜದ ಕಡೆಗೆ ವಾಲಿಸಿ, ಕಣ್ಣುಗಳನ್ನು ಅರೆಮುಚ್ಚಿ, ಹಿಂದಿನ ಕೋಣೆಯ ಮುಚ್ಚಿದ ಬಾಗಿಲಿನತ್ತ ಕಿವಿಗೊಡುತ್ತಾರೆ. ನೆಲದಡಿ ನೀರು ಹರಿಯುವ ಸದ್ದನ್ನು ಹುಡುಕುವವರ ಮುಖ ಹಾಗಿರುತ್ತದೆ. ಬಳಿಕ ಪಿಸುದನಿಯಲ್ಲಿ "ಉಣ್ಣಾಕತ್ತಾವು" ಎಂದು, ಬಿಟ್ಟಲ್ಲಿಂದಲೇ ವಾಕ್ಯವನ್ನು ಎತ್ತಿಕೊಂಡು, ಒಂದಕ್ಷರವೂ ಆಚೀಚೆಯಾಗದಂತೆ ಮುಗಿಸುತ್ತಾರೆ. ನಾನೂ ಆ ಬಾಗಿಲಿಗೆ ಕಿವಿ ಹಚ್ಚಿ ಬಹಳ ಹೊತ್ತು ನಿಂತು ನೋಡಿದ್ದೇನೆ. ನನಗೆ ಕೇಳಿಸಿದ್ದು ನನ್ನ ಕಿವಿಯೊಳಗಿನ ರಕ್ತದ ಸದ್ದು ಮಾತ್ರ.

ಇಬ್ರಾಹಿಂಪುರದಲ್ಲಿ, ರೈಲು ಹಳಿಗೆ ಬೆನ್ನು ಮಾಡಿಕೊಂಡು ಕೂತ ಓಣಿಯ ಕಡೆಯ ಮನೆ ಅವರದು. ಆರು ವರ್ಷದ ಹಿಂದೆ ನಾನು ಅಲ್ಲಿಗೆ ಮೊದಲ ಸಲ ಹೋದದ್ದು ಸಿಟ್ಟಿನಿಂದ. ನಾನು ಎಲ್ಲಿಗೆ ಹೋದರೂ ಸಿಟ್ಟಿನಿಂದಲೇ ಹೋಗುತ್ತೇನೆಂದು ನನ್ನ ಅಂಕಣ ಓದುವವರು ಆಡಿಕೊಳ್ಳುವುದುಂಟು; ಅಲ್ಲಗಳೆಯುವುದಿಲ್ಲ. ಮಾಟದ ಹೆಸರು ಹೇಳಿ ಒಂಟಿ ಹೆಂಗಸರನ್ನು ಊರು ಹೇಗೆ ಅರೆಯುತ್ತದೆ ಎಂದು ಆಗ ವಾರವಾರವೂ ಬರೆಯುತ್ತಿದ್ದೆ. ಒಬ್ಬ ಓದುಗರು ಫೋನು ಮಾಡಿ ನನ್ನನ್ನು ಕೆಣಕಿದರು: "ನಮ್ಮ ಓಣ್ಯಾಗ ಒಬ್ಬಾಕಿ ಅದಾಳ್ರಿ. ತಿಂಗಳಾ ಅರಕೇರಿಯಿಂದ ಟಂಟಂ ಗಾಡ್ಯಾಗ ಮೂವತ್ತ ಕುಂಬಳಕಾಯಿ ಇಳಸ್ತಾಳ. ಒಂದೂ ಹೆಚ್ಚೂದಿಲ್ಲ, ಒಂದೂ ಕುದಸೂದಿಲ್ಲ. ಹೊರಗ ಬರೂಮುಂದ ಅಷ್ಟೂ ಸುಕ್ಕಾಗಿ, ಹೆಣದ ಮಾರಿ ಆದಂಗ ಆಗಿ ಬರ್ತಾವ. ಇದಕ್ಕೇನ ಬರೀತೀರಿ ಬರೀರಿ ನೋಡೂನು."

ಬರೆಯಲೆಂದೇ ಹೋದೆ. ಬಾಗಿಲು ತೆರೆದವರು ಐವತ್ತು ದಾಟಿದ, ಎತ್ತರದ, ಒಣಗಿದ ಮೈಯ ಹೆಂಗಸು. ಸೀರೆಯ ಮೇಲೆ ಮೊಣಕಾಲಿನವರೆಗೆ ಇಳಿದ ಒಂದು ಬಿಳಿ ಕೋಟು, ಬಿಳಿ ಎನ್ನುವುದು ಈಗ ನೆನಪು ಮಾತ್ರವಾಗಿದ್ದ ಕೋಟು; ಅದರ ಜೇಬಿನ ಮೇಲೆ ಕೆಂಪು ದಾರದಲ್ಲಿ 'ಮಧ್ವೇಶ' ಎಂದು ಹೊಲಿದಿತ್ತು. ಮನೆಯೊಳಗೆ ಒಂದೂ ದೀಪವಿರಲಿಲ್ಲ. ಹಾಡಹಗಲು ಹನ್ನೆರಡಕ್ಕೆ ಆ ಹೊಸ್ತಿಲಿನಾಚೆ ಕತ್ತಲೆ ನೀರಿನ ಹಾಗೆ ನಿಂತಿತ್ತು.

"ಕುಂಬಳಕಾಯಿ ವಿಷಯಕ್ಕ..." ಎಂದು ನಾನು ತೊದಲಿದೆ.

"ದೃಷ್ಟಿ ತಗಸೂದಿದ್ರ ಮುಂದಿನ ಓಣಿಗಿ ಹೋಗ್ರಿ," ಎಂದರು. "ಇಲ್ಲಿ ಬರೇ ಹುಳಾ ಅದಾವ."

ಅವರು ಕರೆದೊಯ್ದು ತೋರಿಸಿದ ಆ ಹಿಂದಿನ ಕೋಣೆಯನ್ನು ನಾನು ಮರೆಯಲಾರೆ. ಕಿಟಕಿಗೆ ತಗಡು ಬಡಿದಿತ್ತು. ಗೋಡೆಗೆ ಜೋತುಬಿಟ್ಟ ಹಸಿ ಗೋಣಿಚೀಲಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಕಣ್ಣು ಕತ್ತಲೆಗೆ ಒಗ್ಗಿದಂತೆ ಕಬ್ಬಿಣದ ಅಟ್ಟಣಿಗೆಯ ಮೇಲೆ ಸಾಲುಸಾಲಾಗಿ ಕುಳಿತ ಮುಖಗಳು ಮೂಡತೊಡಗಿದವು: ತೊಟ್ಟು ಮೇಲಾಗಿ ಇಟ್ಟ ಕುಂಬಳಕಾಯಿಗಳು, ಒಂದೊಂದರ ಮೈಮೇಲೂ ಹಿಟ್ಟು ಚೆಲ್ಲಿದಂಥ, ನರೆತ ಗಡ್ಡದಂಥ ಬಿಳುಪು. ಚಂದ್ರಾಬಾಯಿ ನನ್ನ ತೋರುಬೆರಳನ್ನು ಹಿಡಿದು ಒಂದರ ಮೇಲೆ ಇಟ್ಟರು. ಬಿಳುಪು ಬೆರಳಿನ ಕೆಳಗೆ ಅಲುಗಿತು. ನಾನು ಕೈ ಕಿತ್ತುಕೊಂಡೆ.

"ಹೆದರಬ್ಯಾಡ ತಮ್ಮಾ. ನಿನ್ನ ತಿನ್ನೂದಿಲ್ಲ ಅವು."

ಅಲ್ಲಿದ್ದದ್ದು ಹಿಟ್ಟುತಿಗಣೆ. ಔಷಧಿ ಅಂಗಡಿಯವರಿಂದ ಕಲಿತು ನಮ್ಮ ರೈತರು ಮಿಲಿಬಗ್ ಎನ್ನುವ ಈ ಕೀಟ ದ್ರಾಕ್ಷಿ ಬಳ್ಳಿಯ ತೊಗಟೆಯಡಿ ಅಡಗಿ, ಹಣ್ಣು ತುಂಬುವ ಹೊತ್ತಿಗೆ ಗೊನೆಗೆ ಇಳಿದು, ರಸ ಹೀರಿ, ಅಂಟು ಸುರಿಸಿ, ಮಸಿ ಹಿಡಿಸಿ ಹೋಗುತ್ತದೆ. ಅದನ್ನು ಕುಂಬಳಕಾಯಿಯ ಮೇಲೆ ಸಾಕಿ, ಅದಕ್ಕೆ ಅದರ ಯಮನನ್ನು ಬಿಟ್ಟು, ಆ ಯಮನ ಸಂತತಿಯನ್ನು ಬೆಳೆಸುವುದು ಚಂದ್ರಾಬಾಯಿಯ ಉದ್ಯೋಗ. ಆ ಯಮ ಗುಲಗಂಜಿ ಹುಳದ ಬಳಗದ ಒಂದು ದುಂಬಿ. ಸಾಸಿವೆಗಿಂತ ತುಸು ದೊಡ್ಡದು, ಕಪ್ಪು ಮೈ, ಇಂಗಳದ ಬಣ್ಣದ ತಲೆ. ತಗಡಿನಲ್ಲಿ ರೂಪಾಯಿ ನಾಣ್ಯದಗಲದ ಒಂದು ತೂತಿದೆ. ಅದರ ಮುಚ್ಚಳ ತೆಗೆದರೆ ಒಳಬೀಳುವ ಬೆಳಕಿನ ಕೋಲಿನ ಕಡೆಗೆ ದುಂಬಿಗಳು ಸದ್ದಿಲ್ಲದೆ ಬರುತ್ತವೆ; ಅವನ್ನು ಗಾಜಿನ ಕೊಳವೆಯಿಂದ ಉಸಿರಿನಲ್ಲೇ ಎಳೆದು ಡಬ್ಬಿಗೆ ತುಂಬುತ್ತಾರೆ. ದುಂಬಿಗಿಂತ ವಿಚಿತ್ರವಾದದ್ದು ಅದರ ಮರಿ. ಅದೂ ಬಿಳಿ, ಅದೂ ಹಿಟ್ಟುಹಿಟ್ಟು. ಕಳ್ಳರ ಕೇರಿಗೆ ಹೋದ ಪೊಲೀಸ ಕಳ್ಳರ ಅರಿವೆಯನ್ನೇ ತೊಟ್ಟ ಹಾಗೆ, ತಾನು ತಿನ್ನುವ ಕೀಟದ ವೇಷವನ್ನೇ ಧರಿಸಿ, ಅದಕ್ಕಿಂತ ಮೂರು ಪಟ್ಟು ದೊಡ್ಡದಾಗಿ, ಅದರ ನಡುವೆಯೇ ಓಡಾಡುತ್ತದೆ. ವ್ಯತ್ಯಾಸ ಕಂಡುಹಿಡಿಯುವುದು ಹೇಗೆ ಎಂದು ಕೇಳಿದೆ.

"ಬಟ್ಟ ಹಚ್ಚಿ ನೋಡೂದು," ಎಂದು ತೋರುಬೆರಳು ಎತ್ತಿ ತೋರಿಸಿದರು. " ಕುಂತಿದ್ದು ಮಿಲಿಬಗ್. ಓಡಿದ್ದು ನಮ್ದು."

ಅಂದು ಮಾಟದ ಬಗ್ಗೆ ಬರೆಯಲಿಲ್ಲ. ಅಲ್ಲಿಂದಾಚೆ ತಿಂಗಳಿಗೊಮ್ಮೆಯಾದರೂ ಆ ಮನೆಗೆ ಹೋಗುವುದು ರೂಢಿಯಾಯಿತು.

ಅವರ ನಡಿಗೆಯನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಇಪ್ಪತ್ತೈದು ವರ್ಷ ಕತ್ತಲೆ ಕೋಣೆಯಲ್ಲಿ ಅಟ್ಟಣಿಗೆಗಳ ನಡುವೆ ನಡೆದು ನಡೆದು, ಹೊರಗೆ ಕಣ್ಣು ಕುಕ್ಕುವ ಬಿಸಿಲಿನಲ್ಲೂ ಅವರು ಕತ್ತಲೆಯಲ್ಲೇ ನಡೆಯುತ್ತಾರೆ: ಮೊದಲು ಪಾದ ನೆಲದ ಮೇಲೆ ಸರಿದು ದಾರಿ ಕೇಳುತ್ತದೆ, ಆಮೇಲೆ ಮೈಭಾರ ಹಿಂಬಾಲಿಸುತ್ತದೆ, ಬಲಗೈ ಸೊಂಟದೆತ್ತರದಲ್ಲಿ ಮುಂದೆ ಚಾಚಿ, ಇಲ್ಲದ ಕುಂಬಳಕಾಯಿಯೊಂದನ್ನು ತಡವುತ್ತಿರುತ್ತದೆ. ವಿಜಯಪುರದ ಬಸ್ ನಿಲ್ದಾಣದ ನೂಕುನುಗ್ಗಲಿನಲ್ಲಿ ಆ ನಡಿಗೆಗೆ ಜನ ತಾವಾಗಿ ದಾರಿ ಬಿಡುತ್ತಾರೆ. ಕೆಲವರು ಕುರುಡಿ ಎಂದು, ಕೆಲವರು ಬೇರೇನೋ ಎಂದು. ರೈಲು ಹೋಗುವಾಗ ಗೋಡೆ ನಡುಗುತ್ತದೆ. ಆಗ ಅವರು ಎಲ್ಲಿದ್ದರೂ ಕೋಣೆಗೆ ಸರಿದು, ಎರಡು ಅಂಗೈಗಳನ್ನು ಎರಡು ಕುಂಬಳಕಾಯಿಗಳ ಮೇಲಿಟ್ಟು, ರೈಲಿನ ಕಡೆಯ ಡಬ್ಬಿ ದಾಟುವವರೆಗೆ ಹಾಗೇ ನಿಲ್ಲುತ್ತಾರೆ. ಉಳಿದ ಇಪ್ಪತ್ತೆಂಟರ ಗತಿ ಏನು ಎಂದು ಒಮ್ಮೆ ಕೇಳಿದೆ. "ಇವು ಎರಡು ಅವಕ್ಕ ಹೇಳ್ತಾವ" ಎಂದರು. ಅದು ಹಾಸ್ಯವೋ ನಂಬಿಕೆಯೋ ನನಗೆ ಇಂದಿಗೂ ತಿಳಿದಿಲ್ಲ.

ಆ ಮನೆಯಲ್ಲಿ ಊದುಬತ್ತಿ ಇಲ್ಲ, ಕರ್ಪೂರ ಇಲ್ಲ, ಸೊಳ್ಳೆಬತ್ತಿಯಂತೂ ಇಲ್ಲವೇ ಇಲ್ಲ. ಒಂದು ಮಳೆಗಾಲದಲ್ಲಿ ಸೊಳ್ಳೆ ಓಡಿಸುವ ಹೊಗೆಗಾಡಿ ಓಣಿಗೆ ಬಂದಾಗ ಚಂದ್ರಾಬಾಯಿ ಬಾಗಿಲಿಗೆ ಅಡ್ಡಲಾಗಿ ಎರಡೂ ಕೈ ಚಾಚಿ ನಿಂತು, "ಇಲ್ಲಿ ಬ್ಯಾಡೋ ಯಪ್ಪಾ, ಒಳಗ ಬಾಣಂತಿ ಅದಾಳ" ಎಂದುಬಿಟ್ಟರು. ಹೊಗೆಯವರು ಹಿಂದೆ ಸರಿದರು. ಆದರೆ ಸುದ್ದಿ ಸರಿಯಲಿಲ್ಲ. ಗಂಡನಿಲ್ಲದ, ಮಕ್ಕಳಿಲ್ಲದ ಆ ಮನೆಯಲ್ಲಿ ಹಡೆದವಳು ಯಾರು? ಸಂಜೆಯ ಹೊತ್ತಿಗೆ ಪಕ್ಕದ ಮನೆಯ ಇಮಾಮಬಿ ಬಾಣಂತಿಗೆ ಕೊಡುವ ಅಂಟಿನುಂಡಿ ಕಟ್ಟಿಕೊಂಡು ಬಂದು, "ತೋರಸ ಬೇ ಕೂಸಿನ್ನ" ಎಂದು ಪಟ್ಟು ಹಿಡಿದು ಕೂತರು. ಚಂದ್ರಾಬಾಯಿ ಒಳಗೆ ಕರೆದೊಯ್ದು ತೋರಿಸಿದರು. ಇಮಾಮಬಿ ಕತ್ತಲೆಯಲ್ಲಿ ಬಹಳ ಹೊತ್ತು ನಿಂತು, ಕಡೆಗೆ, "ಎಲ್ಲಾ ನಿನ್ನ ಮಾರೀನ ಹೋಲ್ತಾವ" ಎಂದರಂತೆ. ಉಂಡಿಯನ್ನು ಇಬ್ಬರೂ ಕೂತು ತಿಂದರಂತೆ. ಓಣಿಯಲ್ಲಿ ಅವರಿಗೆ ಇರುವ ಗೆಳತಿ ಇಮಾಮಬಿ ಒಬ್ಬರೇ.

ಕೋಟಿನ ಕಥೆ ಇಷ್ಟು. ತಿಕೋಟಾ ರಸ್ತೆಯಲ್ಲಿ ಒಂದು ಕಾಲಕ್ಕೆ ಕೆಲವು ದ್ರಾಕ್ಷಿ ಬೆಳೆಗಾರರು ಸೇರಿ ಕಟ್ಟಿಕೊಂಡಿದ್ದ ಪುಟ್ಟ ಪ್ರಯೋಗಶಾಲೆಯಿತ್ತು. ಮಧ್ವೇಶ ಎಂಬ ಕೀಟತಜ್ಞರು ಅದನ್ನು ನಡೆಸುತ್ತಿದ್ದರು. ಚಂದ್ರಾಬಾಯಿ ಅಲ್ಲಿ ಕುಂಬಳಕಾಯಿ ತೊಳೆಯಲು ಹೋದ ದಿನಗೂಲಿ. ತೊಳೆಯುತ್ತ ನೋಡಿದರು, ನೋಡುತ್ತ ಕಲಿತರು. ನಾಲ್ಕು ವರ್ಷದಲ್ಲಿ ಮಧ್ವೇಶರು ಸಂಶಯ ಬಂದಾಗ ಸೂಕ್ಷ್ಮದರ್ಶಕ ಬಿಟ್ಟು "ಚಂದ್ರಾಬಾಯಿ, ಬೆರಳು ಹಚ್ಚಿ ನೋಡ್ರಿ" ಎನ್ನುವಂತಾಯಿತು. ಹೊಸ ಹೊಸ ಎಣ್ಣೆಗಳು ಬಂದವು. ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣೆ ಎಂದೇ ಹೆಸರು. ಸಂಜೆ ಹೊಡೆದರೆ ಬೆಳಿಗ್ಗೆ ಹುಳ ಸಾಯುವಾಗ, ಹುಳ ಬಿಟ್ಟು ತಿಂಗಳು ಕಾಯುವ ಮೂರ್ಖ ಯಾರು? ಬೆಳೆಗಾರರು ಪ್ರಯೋಗಶಾಲೆಗೆ ಬೀಗ ಹಾಕಿದರು. ಇರುವ ಹುಳವನ್ನೆಲ್ಲ ಬಿಸಿನೀರಿಗೆ ಹಾಕಿ ಕೊಠಡಿ ಖಾಲಿ ಮಾಡಬೇಕೆಂದು ಅಪ್ಪಣೆಯಾಯಿತು. ಮಧ್ವೇಶರು ನೀರು ಕಾಯಿಸಲು ಹೇಳಿ, ತಾವು ಹೊರಗೆ ಹೋಗಿ ರಸ್ತೆ ನೋಡುತ್ತ ನಿಂತರು. ಅವರು ತಿರುಗಿ ಬರುವಷ್ಟರಲ್ಲಿ ಗೂಟಕ್ಕೆ ನೇತುಹಾಕಿದ್ದ ಅವರ ಕೋಟೂ ಇರಲಿಲ್ಲ, ಅದರಲ್ಲಿ ಸುತ್ತಿದ ಎರಡು ಕುಂಬಳಕಾಯಿಯೂ ಇರಲಿಲ್ಲ, ಚಂದ್ರಾಬಾಯಿಯೂ ಇರಲಿಲ್ಲ. ಮಧ್ವೇಶರು ಯಾರಿಗೂ ದೂರು ಕೊಡಲಿಲ್ಲ. ಬಹುಶಃ ರಸ್ತೆ ನೋಡುತ್ತ ನಿಂತದ್ದು ಅದಕ್ಕೇ ಇರಬೇಕು.

ಆ ಎರಡು ಕುಂಬಳಕಾಯಿಯ ವಂಶ ಹತ್ತೊಂಬತ್ತು ವರ್ಷ ಮುರಿಯದೆ ನಡೆಯಿತು. ಅದನ್ನು ನಡೆಸುವುದರಲ್ಲಿ ಚಂದ್ರಾಬಾಯಿಯದೇ ಒಂದು ಹಟದ ಪದ್ಧತಿಯಿತ್ತು. ಮೂಲ ತಳಿಯನ್ನು ಎಂದೂ ಕೋಣೆಯಿಂದ ಹೊರಬಿಡಬಾರದು ಎಂದು ಮಧ್ವೇಶರು ಕಲಿಸಿದ್ದರು. ಇವರು ಪ್ರತಿ ಡಿಸೆಂಬರಿನಲ್ಲಿ, ಒಂದನ್ನೂ ಉಳಿಸಿಕೊಳ್ಳದೆ, ಅಷ್ಟೂ ದುಂಬಿಗಳನ್ನು ನಾಲ್ಕು ದ್ರಾಕ್ಷಿ ಪಡಗಳಿಗೆ ಬಿಡುತ್ತಿದ್ದರು. ನಮ್ಮಲ್ಲಿ ತೋಟವೆಂದರೆ ಪಡ. ಘೋಣಸಗಿಯಲ್ಲಿ ಎರಡು, ತಿಕೋಟಾದಲ್ಲಿ ಒಂದು, ಬಬಲೇಶ್ವರದಲ್ಲಿ ಒಂದು. ಜನವರಿಯ ಕೊನೆಗೆ ಅಲ್ಲಿಗೆ ಮತ್ತೆ ಹೋಗಿ, ಅಲ್ಲಿ ಹುಟ್ಟಿದ ಮರಿಗಳಲ್ಲಿ ನಾಲ್ಕು ಡಬ್ಬಿಯಷ್ಟನ್ನು ಆರಿಸಿ ತಂದು ಮುಂದಿನ ವರ್ಷದ ಸಂಸಾರ ಹೂಡುತ್ತಿದ್ದರು. ಯಾಕೆಂದು ಕೇಳಿದರೆ, "ಕತ್ತಲದಾಗ ಹುಟ್ಟಿ ಕತ್ತಲದಾಗ ಸಾಯೂವು ಹಸಿವ ಮರೀತಾವ ತಮ್ಮಾ. ಬಿಸಲಾಗ ಬ್ಯಾಟಿ ಆಡಿದಾವ್ರ ಮಕ್ಕಳ ಬೇಕ ನನಗ" ಎನ್ನುವರು. ಆ ಐದಾರು ವಾರ ಅವರ ಕೋಣೆಯಲ್ಲಿ ತಿನ್ನುವವರು ಇರುತ್ತಿರಲಿಲ್ಲ, ತಿನಿಸು ಮಾತ್ರ ಇರುತ್ತಿತ್ತು. ಅವರ ಸರ್ವಸ್ವವೂ ಪರರ ಬಳ್ಳಿಯ ಮೇಲಿರುತ್ತಿತ್ತು.

ಹೋದ ವರ್ಷದ ಜನವರಿಯಲ್ಲಿ ನಾನು ಒಂದು ಅಂಕಣ ಬರೆದೆ. ರೋಗ ಯಾವುದು, ಕೀಟ ಯಾವುದು ಎಂದು ನೋಡದೆ ಅಂಗಡಿಯವರು ಕೊಟ್ಟದ್ದನ್ನು ಪಂಪಿಗೆ ಸುರಿಯುವ ಅಜ್ಞಾನದ ಮೇಲೆ ನನ್ನ ಸಿಟ್ಟು. ಮೊದಲು ವೈರಿಯ ಮುಖ ನೋಡಿ ಎಂದು ಉಪದೇಶಿಸಿ, ಆ ಮುಖವನ್ನು ನಾನೇ ತೋರಿಸಿದೆ: ಬಬಲೇಶ್ವರದ ಪಡವೊಂದರಲ್ಲಿ, ಗೊನೆಯ ಮೇಲೆ ಕಂಡ ಅತಿ ದೊಡ್ಡ, ಅತಿ ಬಿಳಿಯ, ಅತಿ ವಿಕಾರವಾದ ಹುಳದ ಫೋಟೋ ತೆಗೆದು ಮೂರು ಕಾಲಮ್ಮಿನಗಲ ಅಚ್ಚು ಹಾಕಿಸಿದೆ. ಕೆಳಗೆ 'ಹಿಟ್ಟುತಿಗಣೆ: ಈ ಬಿಳಿ ರಾಕ್ಷಸನನ್ನು ಕಂಡಲ್ಲಿ ಮುಗಿಸಿ.' ಬೆರಳು ಹಚ್ಚಿ ನೋಡಬೇಕೆಂದು ಕಲಿಸಿದವರ ಮನೆಯಲ್ಲಿ ಐದು ವರ್ಷ ಚಹಾ ಕುಡಿದ ನಾನು, ಹುಳಕ್ಕೆ ಬೆರಳು ಹಚ್ಚಲಿಲ್ಲ, ಫೋನಿಗೆ ಹಚ್ಚಿದೆ. ಫೋಟೋದಲ್ಲಿ ಯಾವುದೂ ಓಡುವುದಿಲ್ಲ.

ಅಂಕಣ ಜನಪ್ರಿಯವಾಯಿತು. ಅಷ್ಟು ಫೋನು ನನಗೆ ಎಂದೂ ಬಂದಿರಲಿಲ್ಲ. ಎಲ್ಲ ಪಡಗಳ ಎಲ್ಲ ವಾಟ್ಸಾಪ್ ಗುಂಪುಗಳಲ್ಲಿ ಆ ಫೋಟೋ ಓಡಾಡಿತು. ಚಂದ್ರಾಬಾಯಿಗೆ ಸ್ಮಾರ್ಟ್‌ಫೋನೂ ಇಲ್ಲ, ಅವರು ಪೇಪರನ್ನೂ ತರಿಸುವುದಿಲ್ಲ. ಎರಡು ವಾರದ ಬಳಿಕ, ಜನವರಿಯ ಕೊನೆಯಲ್ಲಿ, ವಾಡಿಕೆಯಂತೆ ಮರಿ ತರಲು ಹೊರಟಾಗ ನನ್ನನ್ನೂ ಕರೆದರು. ನಾನು ಹೆಮ್ಮೆಯಿಂದಲೇ ಹೊರಟೆ.

ಘೋಣಸಗಿಯಲ್ಲಿ ಭಾಗಪ್ಪನ ಪಡ. ಮಧ್ಯಾಹ್ನ. ಒಳಗೆ ಕಾಲಿಟ್ಟ ಕೂಡಲೇ ಏನೋ ತಪ್ಪಿದೆ ಎಂದು ಮೈಗೆ ತಿಳಿಯಿತು, ಬುದ್ಧಿಗೆ ಇನ್ನೂ ತಿಳಿದಿರಲಿಲ್ಲ. ಹಕ್ಕಿ ಬೆದರಿಸಲು ಕಟ್ಟಿದ ಹೊಳೆಯುವ ಪಟ್ಟಿಗಳು ಗಾಳಿಗೆ ಗುಂಯ್‌ಗುಡುತ್ತಿದ್ದವು; ಆ ಸದ್ದು ನಿಂತಾಗ ಅದರ ಕೆಳಗೆ ಬೇರೆ ಯಾವ ಸದ್ದೂ ಇರಲಿಲ್ಲ. ನೊಣವಿಲ್ಲ, ಜೇನಿಲ್ಲ, ಇರುವೆಯ ಸಾಲಿಲ್ಲ, ಜೇಡರ ಬಲೆಯಲ್ಲಿ ಜೇಡ ಇಲ್ಲ. ಎಕರೆಗಟ್ಟಲೆ ಹಸಿರು, ತೂಗುವ ಗೊನೆಗಳು, ಪ್ರತಿ ಎಲೆಯ ಮೇಲೂ ಒಣಗಿದ ಎಣ್ಣೆಯ ನೀಲಿ ಚುಕ್ಕೆ, ಮತ್ತು ಚಿತ್ರದೊಳಗೆ ನಡೆದುಹೋಗುತ್ತಿರುವಂಥ ಮೌನ. ಚಂದ್ರಾಬಾಯಿಯ ತಲೆ ತಾನಾಗಿ ಎಡಕ್ಕೆ ವಾಲಿತು. ಬಹಳ ಹೊತ್ತು ಹಾಗೇ ಇತ್ತು.

ಭಾಗಪ್ಪ ನನ್ನನ್ನು ಕಂಡು ಓಡಿಬಂದ. "ಬರ್ರಿ ಬರ್ರಿ ಸಾಹೇಬ್ರ! ನಿಮ್ಮ ಪೇಪರ್ ನೋಡಿ ನನ್ನ ಕಣ್ಣ ತೆರದ್ವು ನೋಡ್ರಿ. ಬಿಳಿ ರಾಕ್ಷಸ, ಕರೆಕ್ಟ್ ಅಂದೀರಿ! ಬಳ್ಳಿಗಿ ಹತ್ತ ಹತ್ತ ಇದ್ದೂ. ಎರಡ ಸಲ ಎಣ್ಣಿ ಹೊಡದೆ. ಈಗ ಒಂದೂ ಅಲಗ್ಯಾಡೂದಿಲ್ಲ."

ಪಂಪಿನ ಮನೆಯ ಗೋಡೆಗೆ ನನ್ನ ಅಂಕಣವನ್ನು ಕತ್ತರಿಸಿ ಅಂಟಿಸಿದ್ದ.

ಚಂದ್ರಾಬಾಯಿ ಬಳ್ಳಿಯ ಬುಡದಲ್ಲಿ ಮೊಣಕಾಲೂರಿ ಕೂತಿದ್ದರು. ನೆಲದ ಮೇಲೆ, ಉದುರಿದ ಹತ್ತಿಯ ಎಳೆಗಳ ಹಾಗೆ, ಹುಳಗಳು ಬಿಳಿಬಿಳಿಯಾಗಿ ಬಿದ್ದಿದ್ದವು. ಒಂದನ್ನು ಅಂಗೈಗೆ ತೆಗೆದುಕೊಂಡು ತೋರುಬೆರಳು ಹಚ್ಚಿದರು, ತೆಗೆದರು, ಮತ್ತೆ ಹಚ್ಚಿದರು.

"ಭಾಗಪ್ಪ, ಎಣ್ಣಿ ಹೊಡಿಯೂಕಿಂತ ಮದಲ ಇವು ಓಡತಿದ್ದೂ ಏನೋ?"

"ಓಡತಿದ್ದೂ ಬೇ! ಕುದರಿ ಓಡಿದಂಗ ಓಡತಿದ್ದೂ. ಅದಕ್ಕ ಹೆದರಿ ಎರಡನೇ ಸಲ ಹೊಡದೆ."

"ನಾ ಹುಳಾ ಬಿಡೂಮುಂದ ಏನ್ ಹೇಳಿದ್ದೆ ನಿನಗ?"

"ನೀ ಬಿಟ್ಟಿದ್ದು ಕರೇವು ಅಲ್ಲಬೇ? ಕರೇವನ್ನ ನಾ ಮುಟ್ಟೇ ಇಲ್ಲ, ಆಣಿ ಮಾಡ್ತೀನಿ. ಇವು ಬೆಳ್ಳನ್ನವು. ಪೇಪರಿನ್ಯಾಗ ಫೋಟೋನ ಬಂದೈತಿ ನೋಡು."

ಅವರು ಎದ್ದು ಪಂಪಿನ ಮನೆಗೆ ಹೋದರು. ಅಂಕಣದ ಪ್ರತಿ ಸಾಲಿನ ಕೆಳಗೂ ಬೆರಳಾಡಿಸುತ್ತ, ಶಾಲೆಯ ಮಕ್ಕಳ ಹಾಗೆ ತುಟಿ ಅಲುಗಿಸುತ್ತ, ಮೊದಲಿನಿಂದ ಕೊನೆಯವರೆಗೆ ಓದಿದರು. ಕೊನೆಗೆ ನನ್ನ ಹೆಸರಿತ್ತು, ಅದನ್ನೂ ಓದಿದರು. ನನ್ನ ಕಡೆ ತಿರುಗದೆಯೇ ಹೇಳಿದರು:

"ಫೋಟೋ ಚಂದ ಬಂದೈತಿ."

ನಾನು ಬದುಕಿನಲ್ಲಿ ತಿಂದ ಏಟುಗಳನ್ನೆಲ್ಲ ಬಲ್ಲೆ. ಅದಕ್ಕೆ ಸಮನಾದದ್ದು ಇನ್ನೊಂದಿಲ್ಲ.

ಬಸ್ಸಿಗೆ ಕಾಯುತ್ತ ನಿಂತಾಗ ನಾನು ಒಡೆದು ಹೋದೆ. ತಪ್ಪು ನನ್ನದು, ನಾನು ಕಲಿತ ಮೂರ್ಖ, ನನ್ನ ಪೆನ್ನು ಮುರಿಯಬೇಕು ಎಂದು ಏನೇನೋ ಹೇಳಿದೆ. ಅವರು ಕೋಟಿನ ಜೇಬಿನಿಂದ ಖಾಲಿ ಡಬ್ಬಿಗಳನ್ನು ತೆಗೆದು, ಮುಚ್ಚಳಗಳು ಸರಿಯಾಗಿ ಕೂತಿವೆಯೇ ಎಂದು ಒಂದೊಂದಾಗಿ ನೋಡುತ್ತಿದ್ದರು.

"ತಪ್ಪ ಆಮ್ಯಾಲ ನೋಡೂನು ತಮ್ಮಾ. ಬಬಲೇಶ್ವರದ ಬಸ್ ಎಷ್ಟೊತ್ತಿಗೈತಿ ಕೇಳು."

ಬಬಲೇಶ್ವರದಲ್ಲೂ ಅದೇ, ತಿಕೋಟಾದಲ್ಲೂ ಅದೇ, ಘೋಣಸಗಿಯ ಇನ್ನೊಂದು ಪಡದಲ್ಲೂ ಅದೇ. ನಾಲ್ಕು ದಿನ ಬಳ್ಳಿಯಿಂದ ಬಳ್ಳಿಗೆ, ತೊಗಟೆ ಎಬ್ಬಿಸಿ ಎಬ್ಬಿಸಿ ನೋಡಿದೆವು. ತೊಗಟೆಯಡಿ ಹಿಟ್ಟುತಿಗಣೆಯ ಮೊಟ್ಟೆ ಅಲ್ಲಲ್ಲಿ ಸುರಕ್ಷಿತವಾಗಿತ್ತು. ಎಣ್ಣೆ ಅಲ್ಲಿಗೆ ಮುಟ್ಟಿರಲಿಲ್ಲ. ಓಡಾಡುತ್ತಿದ್ದವು ಮಾತ್ರ ಸತ್ತಿದ್ದವು.

ಆಮೇಲಿನ ಮೂರು ವಾರ ಇಬ್ರಾಹಿಂಪುರದ ಆ ಕೋಣೆಯಲ್ಲಿ ನಡೆದದ್ದು ಇದು. ತಿನ್ನುವವರಿಲ್ಲದ ಕೋಣೆಯಲ್ಲಿ ಬಿಳುಪು ಬೆಳೆಯತೊಡಗಿತು. ಮೊದಲು ಕುಂಬಳಕಾಯಿಗಳ ಗೀರುಗಳು ಮುಚ್ಚಿದವು, ಆಮೇಲೆ ತೊಟ್ಟುಗಳು. ಆಮೇಲೆ ಒಂದಕ್ಕೂ ಇನ್ನೊಂದಕ್ಕೂ ನಡುವಿನ ಸಂದು ಮುಚ್ಚಿ, ಅಟ್ಟಣಿಗೆಯ ಕಂಬಗಳು ಬೆಳ್ಳಗಾದವು, ಗೋಣಿಚೀಲಗಳು ಬೆಳ್ಳಗಾದವು. ಮೂವತ್ತು ಮುಖಗಳು ಕಣ್ಣುಮೂಗು ಕಳೆದುಕೊಂಡು ಒಂದೇ ಮುಖವಾದವು. ಅಂಟು ಹನಿಹನಿಯಾಗಿ ನೆಲಕ್ಕೆ ಬೀಳುವುದು ಕತ್ತಲೆಯಲ್ಲಿ ಕೇಳಿಸುತ್ತಿತ್ತು. ಅದೊಂದು ಸದ್ದು ನನಗೂ ಕೇಳಿಸಿತು. ಅಷ್ಟನ್ನೂ ಸುಟ್ಟು ಹಾಕೋಣ ಎಂದೆ. ಒಪ್ಪಲಿಲ್ಲ. "ಬಂದಾವ್ರು ಏನ್ ಉಣಬೇಕು?" ಎಂದರು. ಬರುವವರು ಎಲ್ಲಿದ್ದಾರೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಮಾತಿನ ನಡುವೆ ಅವರ ತಲೆ ವಾಲುತ್ತಿತ್ತು, ಕಿವಿ ಬಾಗಿಲಿಗೆ ಹೋಗುತ್ತಿತ್ತು. ಆಮೇಲೆ ಏನೂ ಹೇಳದೆ, ವಾಕ್ಯವನ್ನೂ ಮುಗಿಸದೆ, ಸುಮ್ಮನೆ ಕೂರುತ್ತಿದ್ದರು. ಮುಗಿಯದ ಆ ವಾಕ್ಯಗಳು ಮನೆಯ ತುಂಬ ಬಿದ್ದಿದ್ದವು.

ಒಂದು ಗುರುವಾರ ಇಮಾಮ‌ಬಿ ಒಳಗೆ ಬಂದು, ಕೋಣೆಯ ಹೊಸ್ತಿಲಲ್ಲಿ ನಿಂತು, ಗಲ್ಲಕ್ಕೆ ಕೈ ಹಚ್ಚಿಕೊಂಡರು. "ಯವ್ವಾ, ನಮ್ಮ ತವರಮನಿ ಖಬರಸ್ತಾನದಾಗ ದಾಸಾಳ ಗಿಡಾ ಹಿಂಗ ಬೆಳ್ಳಗಾಗತಾವ. ಆಮ್ಯಾಲ ತಾವ ಸ್ವಚ್ಛ ಆಗತಾವ."

ಚಂದ್ರಾಬಾಯಿ ಎದ್ದು ನಿಂತರು. "ತಾವ ಸ್ವಚ್ಛ ಆಗತಾವ?"

"ಹೂಂ. ಯಾರೂ ಎಣ್ಣಿ ಹೊಡಿಯೂದಿಲ್ಲ ಅಲ್ಲಿ. ಮಲಗಿದಾವ್ರ ಮ್ಯಾಲ ವಿಷಾ ಸಿಂಪಡಸಬಾರದು ಅಂತ ನಮ್ಮಪ್ಪ ಹೇಳತಿದ್ದ."

ಇಮಾಮಬಿಯ ತವರಿನವರು ಒಂದು ಹಳೆಯ ಖಬರಸ್ತಾನದ ಕಾವಲಿನವರು. ಆ ಮಧ್ಯಾಹ್ನವೇ ಮೂವರೂ ಹೋದೆವು. ಸುಣ್ಣ ಹಚ್ಚಿದ ಗೋರಿಗಳು, ಹೆಸರು ಅಳಿದ ಕಲ್ಲುಗಳು, ತಲೆಯ ಕಡೆಗೊಂದೊಂದು ದಾಸವಾಳ. ಗೇಟು ದಾಟಿದ ಕೂಡಲೇ ಕಿವಿ ತುಂಬಿತು. ಜೇನು, ಕಣಜ, ಮಿಡತೆ, ಹೆಸರು ಗೊತ್ತಿಲ್ಲದ ರೆಕ್ಕೆಗಳು. ಆ ನಾಲ್ಕು ದಿನ ಪಡಗಳಲ್ಲಿ ಕೇಳದ ಗದ್ದಲವೆಲ್ಲ ಇಲ್ಲಿ ಬಂದು ನೆಲಸಿತ್ತು. ಬದುಕಿದವರ ಹೊಲದಲ್ಲಿ ಸತ್ತ ಮೌನ, ಸತ್ತವರ ನೆಲದಲ್ಲಿ ಸಂತೆ. ನನಗೆ ಸಂತೋಷವಾಗಬೇಕಿತ್ತು. ಆದದ್ದು ಭಯ.

ಚಂದ್ರಾಬಾಯಿ ಗೋರಿಯಿಂದ ಗೋರಿಗೆ, ತಮ್ಮ ಕತ್ತಲೆಯ ನಡಿಗೆಯಲ್ಲಿ, ಪಾದದಿಂದ ದಾರಿ ಕೇಳುತ್ತ, ಮಲಗಿದವರನ್ನು ಎಬ್ಬಿಸದ ಹಾಗೆ ನಡೆದರು. ಒಂಬತ್ತನೆಯದೋ ಹತ್ತನೆಯದೋ ಗಿಡದ ಹತ್ತಿರ ನಿಂತು, ಬಿಳಿ ಹಿಡಿದ ಒಂದು ಟೊಂಗೆಯನ್ನು ಬಗ್ಗಿಸಿ, ಬೆರಳು ಹಚ್ಚಿದರು. ಬಿಳಿಯದೊಂದು ಅವರ ಉಗುರನ್ನು ದಾಟಿ, ಗೆಣ್ಣನ್ನು ದಾಟಿ, ಮಣಿಕಟ್ಟಿನವರೆಗೆ ಓಡಿತು. ಯಾರೂ ಬಿಟ್ಟಿರದ, ಯಾರೂ ಸಾಕಿರದ ಅವು ಅಲ್ಲಿಗೆ ಯಾವಾಗ, ಎಲ್ಲಿಂದ ಬಂದವೋ ನನಗೆ ಗೊತ್ತಿಲ್ಲ. ಅವರು ಯೋಚಿಸಲೂ ಇಲ್ಲ. ಸಂಜೆಯೊಳಗೆ ಹನ್ನೊಂದು ಮರಿ, ನಾಲ್ಕು ದುಂಬಿ ಸಿಕ್ಕವು. ಒಂಬತ್ತನ್ನು ಡಬ್ಬಿಗೆ ಹಾಕಿ ಆರನ್ನು ತಿರುಗಿ ಟೊಂಗೆಗೆ ಬಿಟ್ಟರು.

"ಎಲ್ಲಾ ತಗೋಬೇಕಿತ್ತು ಅಕ್ಕಾರ," ಎಂದೆ.

"ಅವರದೂ ಪಾಲ ಇರಲಿ," ಎಂದು ಗೋರಿಗಳ ಕಡೆ ಕೈ ತೋರಿಸಿದರು. ಇಮಾಮಬಿ ಗೊಳ್ಳೆಂದು ನಕ್ಕು, ನಕ್ಕದ್ದು ತಪ್ಪೆಂಬಂತೆ ಸೆರಗು ಬಾಯಿಗೆ ಒತ್ತಿಕೊಂಡರು.

ಒಂಬತ್ತರಲ್ಲಿ ಮೂರು ಸತ್ತವು. ಆರು ಉಳಿದವು. ನಲವತ್ತೆರಡು ಡಿಗ್ರಿಯ ಏಪ್ರಿಲಿನಲ್ಲಿ ಚಂದ್ರಾಬಾಯಿ ತಾಸಿಗೊಮ್ಮೆ ಗೋಣಿಚೀಲ ತೋಯಿಸುತ್ತ, ಕೋಣೆಯಲ್ಲೇ ಮಲಗಿದರು. ಬೇಸಗೆ ದಾಟುವಾಗ ಅಟ್ಟಣಿಗೆಯ ಒಂದು ಮೂಲೆಯಲ್ಲಿ ಕುಂಬಳಕಾಯಿಯ ಬಣ್ಣ, ಅಂಗೈಯಷ್ಟು, ಮತ್ತೆ ಕಾಣಿಸಿತ್ತು.

ನಾನು ತಿದ್ದುಪಡಿ ಬರೆದೆ. ಒಳಪುಟದಲ್ಲಿ, ಫೋಟೋ ಇಲ್ಲದೆ, ಆರು ಸಾಲು. ಅದನ್ನು ಯಾರಾದರೂ ಕತ್ತರಿಸಿ ಗೋಡೆಗೆ ಅಂಟಿಸಿದ್ದು ನನಗೆ ತಿಳಿದಿಲ್ಲ.

ಅದೇ ವರ್ಷದ ಡಿಸೆಂಬರಿನಲ್ಲಿ ಭಾಗಪ್ಪ ಇಬ್ರಾಹಿಂಪುರಕ್ಕೆ ಬಂದ. ಜನವರಿಯಲ್ಲಿ ಎರಡು ಸಲ ಎಣ್ಣೆ ಹೊಡೆದ ಮೇಲೂ ಅವನ ಪಡದಲ್ಲಿ ತೊಗಟೆಯಡಿಯ ಮೊಟ್ಟೆಗಳು ಒಡೆದು, ಗೊನೆಗಳೆಲ್ಲ ಅಂಟು ಸುರಿದು, ಮಸಿ ಹಿಡಿದು, ಒಣದ್ರಾಕ್ಷಿಗೂ ಬಾರದೆ ಹೋಗಿದ್ದವು. ಹೊಸ್ತಿಲಲ್ಲಿ ತಲೆ ಕೆರೆಯುತ್ತ ನಿಂತ. ನನಗೆ ಅವನ ಮೇಲೆ ರೇಗಬೇಕೆನಿಸಿತು. ಯಾವ ಬಾಯಿಂದ ರೇಗಲಿ?

ಚಂದ್ರಾಬಾಯಿ ಅವನನ್ನು ಕೋಣೆಗೆ ಕರೆದರು. "ಕಣ್ಣ ಮುಚ್ಚು."

"ಕತ್ತಲದಾಗ ಕಣ್ಣ ಮುಚ್ಚೂದ್ಯಾಕ ಬೇ?"

"ಮುಚ್ಚ ಅಂದ್ರ ಮುಚ್ಚಲೇ." ಅವನ ದಪ್ಪ ಬೆರಳನ್ನು ಹಿಡಿದು ಒಂದರ ಮೇಲಿಟ್ಟರು. "ಹೇಳು."

"ಕುಂತೈತಿ."

ಇನ್ನೊಂದು. ಭಾಗಪ್ಪ ಕೈ ಕಿತ್ತುಕೊಂಡ. "ಓಡ್ತು, ಓಡ್ತಬೇ!"

ಇಪ್ಪತ್ತು ಸಲ ಹೀಗೆ. ಮೂರು ಸಲ ತಪ್ಪಿದ. ಮೊದಲಿನಿಂದ ಎಣಿಸಿ ಮತ್ತೆ ಇಪ್ಪತ್ತು ಸಲ ಮುಟ್ಟಿಸಿದರು. ಅವನು ಮುಗಿಸಿದ ಬಳಿಕ ನನ್ನ ಕಡೆ ತಿರುಗಿ, "ನೀನೂ ಬಾ ತಮ್ಮಾ" ಎಂದರು. ಹೋದೆ. ಆಮೇಲೆ ಭಾಗಪ್ಪನಿಗೆ ಒಂದು ಡಬ್ಬಿ ಕೊಟ್ಟರು. ಒಂದೇ, ಉಳಿದದ್ದನ್ನು ಕೋಣೆಯಲ್ಲೇ ಇಟ್ಟುಕೊಂಡರು. ಇಪ್ಪತ್ತು ವರ್ಷದ ಪದ್ಧತಿಯನ್ನು ಅವರು ಬದಲಾಯಿಸಿದ್ದನ್ನು ಗಮನಿಸಿದವನು ನಾನೊಬ್ಬನೇ ಇರಬೇಕು.

ಸಿಟ್ಟಿನ ಜನರಾದ ನಮಗೆ ತಪ್ಪೊಂದು ನಡೆದರೆ ಮೊದಲು ಅದರ ಒಡೆಯ ಬೇಕು. ಅವನ ಹೆಸರು ಸಿಕ್ಕರೆ ಅರ್ಧ ನ್ಯಾಯ ಸಿಕ್ಕಿತೆಂದು ಉಂಡು ಮಲಗುತ್ತೇವೆ. ಆ ಹೆಸರು ನಮ್ಮದೇ ಆದಾಗಲೂ ಅದನ್ನು ಜಗತ್ತಿಗೆ ಕೂಗಿ ಹೇಳುವುದರಲ್ಲಿ ಒಂದು ಸುಖ ಹುಡುಕುತ್ತೇವೆ, ಈಗ ನಾನು ಮಾಡುತ್ತಿರುವ ಹಾಗೆ. ಚಂದ್ರಾಬಾಯಿಯಂಥವರು ಬಸ್ಸಿನ ಹೊತ್ತು ಕೇಳುತ್ತಾರೆ. ಹಾಳಾದದ್ದರ ನಡುವೆ ಮೊಣಕಾಲೂರಿ, ಇನ್ನೂ ಅಲುಗುವುದು ಏನಾದರೂ ಇದೆಯೇ ಎಂದು ಬೆರಳು ಹಚ್ಚಿ ನೋಡುತ್ತಾರೆ. ಇದ್ದರೆ ಅರ್ಧವನ್ನು ಅಲ್ಲೇ ಬಿಟ್ಟು ಅರ್ಧವನ್ನು ಮನೆಗೆ ತರುತ್ತಾರೆ. ಅವರ ಕೆಲಸ ಸರಿಯಾಗಿ ನಡೆದ ವರ್ಷ ಪಡದಲ್ಲಿ ಕಾಣಲು ಏನೂ ಇರುವುದಿಲ್ಲ, ಗೊನೆ ಗೊನೆಯ ಹಾಗಿರುತ್ತದೆ, ಅದರ ಶ್ರೇಯಸ್ಸು ಬಳ್ಳಿಗೋ ಗೊಬ್ಬರಕ್ಕೋ ಹೋಗುತ್ತದೆ. ಇಂಥವರು ಪ್ರತಿ ಊರಿನಲ್ಲೂ ಒಬ್ಬರೋ ಇಬ್ಬರೋ ಇರುತ್ತಾರೆ, ನೋಡಿದರೆ ಹೆದರಿಕೆ ಹುಟ್ಟಿಸುವಂತೆಯೇ ಇರುತ್ತಾರೆ, ಮತ್ತು ತಾವು ಕಾದಿಟ್ಟದ್ದರ ವಿಳಾಸವನ್ನು ಯಾರಿಗೂ ಹೇಳುವುದಿಲ್ಲ. ಅವರಿಂದ ನಾನು ಕಲಿತದ್ದು ಅದೊಂದನ್ನೇ. ಈ ಬರಹದಲ್ಲಿ ಊರುಗಳ ಹೆಸರು ಬರೆದಿದ್ದೇನೆ, ಪಡಗಳು ಎಲ್ಲಿವೆ ಎಂದೂ ಬರೆದಿದ್ದೇನೆ. ಆ ಖಬರಸ್ತಾನ ಎಲ್ಲಿದೆ ಎಂದು ಮಾತ್ರ ಬರೆಯುವುದಿಲ್ಲ.